ಹೆಪ್ಪಿನ ಮಾತ್ರೆ

ಅಮೆರಿಕದ ಟಕ್ವಿಲಾ ಅನ್ನೋ ಊರಿನ ಮಾಲಿನಲ್ಲಿ ಎಸ್ಕಲೇಟರ್ ಮೇಲೆ ಜಾರಿ ನಮ್ಮ ಯಜಮಾನರ ತಲೆ ಕಬ್ಬಿಣದ ಅಂಚಿಗೆ ಬಡಿಯಿತು. ಆಸ್ಪತ್ರೆ ಸೇರುವಷ್ಟರಲ್ಲಿ ಅವರ ಮಾತು ನಿಂತಿತ್ತು. ತಲೆಯೊಳಗೆ ರಕ್ತ ಸೋರುತ್ತಿದೆ, ಈಗಲೇ ಬುರುಡೆ ಕೊರೆಯಬೇಕು ಎಂದರು ಡಾಕ್ಟರು. ಮಗಳು ಆಫೀಸಿನ ಮೀಟಿಂಗಿನಲ್ಲಿ, ಫೋನ್ ಎತ್ತಲಿಲ್ಲ. ಜೊತೆಗಿದ್ದವಳು ಕಾಲೇಜು ಓದುವ ಮೊಮ್ಮಗಳೊಬ್ಬಳೇ. ಇಲ್ಲೇ ಹುಟ್ಟಿದವಳು, ಅವಳ ಕನ್ನಡ ಅಡುಗೆಮನೆ ದಾಟಿದ್ದಲ್ಲ.

ಪಕ್ಕದ ಪರದೆಯಾಚೆ ಸ್ಪ್ಯಾನಿಷ್ ಮಾತಾಡುವ ಮುದುಕಿಯ ಹತ್ತಿರ ದುಭಾಷಿ ಹೆಂಗಸೊಬ್ಬಳು ಕೂತು, ಒಂದೊಂದೇ ಮಾತ್ರೆ ಎತ್ತಿ ತೋರಿಸಿ ಕೇಳುತ್ತಿದ್ದಳು. ನಮ್ಮ ಪಾಲಿಗೆ ಬಂದದ್ದು ಗಾಲಿ ಹಾಕಿದ ಒಂದು ಟಿವಿ. ದುಭಾಷಿ ಅದರಲ್ಲೇ ಬಂದು ಮಾತಾಡಬೇಕಂತೆ, ಕನ್ನಡದವರು ಇನ್ನೂ ಸಿಕ್ಕಿರಲಿಲ್ಲ. ಅದರಲ್ಲಿ ಬರೀ ವಾದ್ಯ ನುಡಿಯುತ್ತಿತ್ತು. ಕಾಯಲು ಹೊತ್ತಿಲ್ಲವೆಂದು ಡಾಕ್ಟರು ಮೊಮ್ಮಗಳನ್ನೇ ಕೇಳಿದರು.

“ಅಜ್ಜಿ, ತಾತ ರಕ್ತ ಸಣ್ಣ ಮಾಡೋ ಮಾತ್ರೆ ತಗೋತಾರಾ?”

“ರಕ್ತ ಕಮ್ಮಿ ಮಾಡ್ಕೊಳ್ಳಕ್ಕೆ ಯಾರಾದ್ರೂ ಮಾತ್ರೆ ನುಂಗ್ತಾರೇನೇ? ಇರೋದೇ ಒಂದು ಹಿಡಿ ಮನುಷ್ಯ. ಇಲ್ಲ ಅನ್ನು.”

“ಬೇರೆ ಏನಾದ್ರೂ?”

“ಬಿಪಿದು. ಆಮೇಲೆ ಹೆಪ್ಪಿನ ಮಾತ್ರೆ.”

ರಕ್ತ ಹೆಪ್ಪುಗಟ್ಟಬಾರದು ಎಂದು ಊರಿನ ಹಾರ್ಟ್ ಡಾಕ್ಟರು ಬರೆದುಕೊಟ್ಟದ್ದು ಅದು. ಮನೆಯಲ್ಲಿ ನಾವು ಕರೆಯುವುದೇ ಹಾಗೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಡಾಕ್ಟರು ತಲೆಯಾಡಿಸಿ ಮಂಚ ತಳ್ಳಿಸಿಕೊಂಡು ಹೊರಟರು. ನನಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಅವಳ ಮಾತಿನಲ್ಲಿ ‘ಯೋಗರ್ಟ್’ ಅನ್ನುವುದು ಕಿವಿಗೆ ಬಿದ್ದಿತ್ತು. ಅಂಗಡಿಯ ಡಬ್ಬಿಯಿಂದ ಕಲಿತ ಪದ ಅದು.

“ಮೊಸರು ಅಂದ್ಯೇನೇ?”

“ನೀನು ಹಾಲಿಗೆ ಹಾಕೋದೇ ಅಲ್ವಾ ಹೆಪ್ಪು?”

ಮಂಚ ಲಿಫ್ಟಿನ ಬಾಗಿಲಿಗೆ ಹೋಗಿತ್ತು. ಓಡಿಹೋಗಿ ಅದರ ಕಂಬಿ ಹಿಡಿದುಕೊಂಡೆ. ನರ್ಸು ನನ್ನ ಬೆರಳು ಬಿಡಿಸಲು ನೋಡಿದಳು. ಮಣಿಕಟ್ಟನ್ನು ಉಗುರಿನಿಂದ ಗೀರಿ ತೋರಿಸಿದೆ.

“ಟ್ಯಾಬ್ಲೆಟ್. ಬ್ಲಡ್, ನೋ ಸ್ಟಾಪ್. ಬ್ಲಡ್, ನೋ ಸ್ಟಾಪ್.”

ಡಾಕ್ಟರು ಮೊದಲು ಕೇಳಿದ ಮಾತ್ರೆ ಇದೇ ಎಂದು ಹಿಂದೆ ಬಂದ ಮೊಮ್ಮಗಳಿಗೆ ಆಗ ಹೊಳೆಯಿತು. ಅವಳು ಡಾಕ್ಟರಿಗೆ ಬಿಡಿಸಿ ಹೇಳಿದಳು. ಹಾಗೇ ಕೊಯ್ದಿದ್ದರೆ ರಕ್ತ ನಿಲ್ಲುತ್ತಲೇ ಇರಲಿಲ್ಲವಂತೆ. ಮೊದಲು ಅದಕ್ಕೆ ಎದುರು ಔಷಧಿ ಏರಿಸಬೇಕು, ಅದು ಏರುವವರೆಗೆ ಕೊರೆಯುವಂತಿಲ್ಲ. ಅಷ್ಟು ಹೊತ್ತೂ ಒಳಗೆ ಸೋರುತ್ತಲೇ ಇರುತ್ತದೆ. ಲಿಫ್ಟು ಅವರನ್ನು ಒಯ್ದಿತು.

ಮೊಮ್ಮಗಳು ಅಳುತ್ತಿದ್ದಳು.

“ಆಮೇಲೆ ಅಳು. ನಿಮ್ಮಮ್ಮನಿಗೆ ಇನ್ನೊಂದ್ಸಲ ಫೋನ್ ಮಾಡು.”

ಪರದೆಯೊಳಗೆ ವಾಪಸು ಬಂದಾಗ ಟಿವಿಯಲ್ಲಿ ಒಬ್ಬ ಹೆಂಗಸಿನ ಮುಖ ಬಂದಿತ್ತು.

“ನಮಸ್ಕಾರಮ್ಮ. ಏನು ಕೇಳ್ಬೇಕಿತ್ತು?”

“ಉಳೀತಾರಾ, ಕೇಳು.”

ಅವಳು ಅಲ್ಲಿದ್ದ ಇನ್ನೊಬ್ಬ ನರ್ಸನ್ನು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ಒಂದಕ್ಷರ ತಪ್ಪದಂತೆ ನಮ್ಮೂರಿನ ಕನ್ನಡದಲ್ಲೇ ಹೇಳಿದಳು:

“ಈಗಲೇ ಹೇಳಕ್ಕಾಗಲ್ವಂತೆ, ಅಮ್ಮ.”