ಒಂದಿಂಚು ಮಳೆಯ ಸುಳ್ಳು

ಲೀನಕ್ಕ, ಆ ದಿನ ನಮ್ಮ ತೋಟದಲ್ಲಿ ಒಂದಿಂಚು ಮಳೆ ಬಿದ್ದಿರಲಿಲ್ಲ. ಮಳೆ ಅಳೆಯುವ ರೇನ್ ಗೇಜಿಗೆ ನೀರು ಸುರಿದವನು ನಾನು. ಅದರ ಫೋಟೋ ತೆಗೆದು ಗುಂಪಿಗೆ ಹಾಕಿದವನೂ ನಾನೇ. ಅಷ್ಟಕ್ಕೇ ನಿಂತಿದ್ದರೆ ಒಂದು ಕೀಟಲೆ ಎಂದು ನಕ್ಕು ಮರೆಯಬಹುದಿತ್ತು — ಆದರೆ ನೀವು ಫೋನ್ ಮಾಡಿ ಕೇಳಿದಾಗಲೂ ಸುಳ್ಳನ್ನೇ ಹೇಳಿದೆ. ಆಮೇಲೆ ನಿಮ್ಮ ತೋಟದ ಹೂವು ಕಮರಿ ಹೋದಾಗ, ತಪ್ಪು ನಿಮ್ಮದೇ ಎಂದೂ ಹೇಳಿದೆ.

ಎರಡು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಇನ್ನು ಕೂರುವುದಿಲ್ಲ. ಇದು ನಿಮ್ಮನ್ನು ಉದ್ದೇಶಿಸಿ ಬರೆಯುತ್ತಿರುವುದಾದರೂ, ಬೇರೆಯವರೂ ಓದಲಿ ಎಂದೇ ಬರೆಯುತ್ತಿದ್ದೇನೆ. ಸುಳ್ಳು ನಾಲ್ಕು ಜನರ ಮುಂದೆ ಆಡಿದ್ದು. ನಿಜವನ್ನು ನಿಮ್ಮ ಕಿವಿಯಲ್ಲಿ ಮಾತ್ರ ಉಸುರಿ ನುಣುಚಿಕೊಂಡರೆ ಅದು ಇನ್ನೊಂದು ಮೋಸ ಆಗುತ್ತದೆ.

ನಮ್ಮನ್ನು ಅರಿಯದವರಿಗೆ ಸ್ವಲ್ಪ ಹೇಳಬೇಕು. ಹೊಂಗಡಹಳ್ಳದ ದಾರಿಯಿಂದ ವನಗೂರಿನ ತನಕ ಚದುರಿಕೊಂಡಿರುವ ಸಣ್ಣ ಪುಟ್ಟ ಕಾಫಿ ಬೆಳೆಗಾರರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು ನಮ್ಮದು. ಹೆಸರು ‘ಹನಿ ಹರಟೆ’. ರಾಜಕೀಯ ಹಾಕುವಂತಿಲ್ಲ, ಗುಲಾಬಿ ಹೂವಿನ ಶುಭೋದಯ ಹಾಕುವಂತಿಲ್ಲ. ಬೆಳಿಗ್ಗೆ ಎದ್ದವರು ಮೊದಲು ಅಂಗಳದ ರೇನ್ ಗೇಜ್ ನೋಡಿ, ರಾತ್ರಿ ಎಷ್ಟು ಬಿತ್ತು ಎಂದು ಹಾಕಬೇಕು. ಮಳೆಯನ್ನು ನಾವು ಸೆಂಟಿನಲ್ಲಿ ಅಳೆಯುತ್ತೇವೆ. ನೂರು ಸೆಂಟ್ ಆದರೆ ಒಂದಿಂಚು. ಈ ಗುಡ್ಡಗಳ ಮಳೆಯ ಬುದ್ಧಿ ಗೊತ್ತಲ್ಲ — ಒಬ್ಬನ ತೋಟ ತೊಯ್ದರೆ ಪಕ್ಕದವನ ತೋಟದಲ್ಲಿ ದೂಳು. ಮಳೆ ಸಿಕ್ಕವನು ಬೀಗುವುದು, ಸಿಗದವನ ಕಾಲೆಳೆಯುವುದು, ಅದೇ ನಮ್ಮ ಹರಟೆ. ಮಳೆಯಿಲ್ಲದ ತಿಂಗಳುಗಳಲ್ಲಿ ಹಲಸಿನಕಾಯಿ, ಹಾಳು ರಸ್ತೆ, ಯಾರ ಮನೆಯ ನಾಯಿ ಎಷ್ಟು ಮರಿ ಹಾಕಿತು — ಹೀಗೆ.

ಆ ಗುಂಪಿಗೆ ಜೀವ ನೀವು, ಲೀನಕ್ಕ. ಇದನ್ನು ಎಂದೂ ನಿಮಗೆ ಹೇಳಿರಲಿಲ್ಲ. ನಿಮ್ಮ ಯಜಮಾನರು ವಿಲ್ಲಿಯಣ್ಣ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಳ್ಳುತ್ತಿದ್ದಿರಿ. ಆದರೂ ದಿನಾ ಬೆಳಿಗ್ಗೆ ನಿಮ್ಮ ದನಿ ಬರುತ್ತಿತ್ತು. “ನಮ್ಮಲ್ಲಿ ಮಳೆ ಸೊನ್ನೆ, ದೋಸೆ ನಾಲ್ಕು. ಬಾಕಿಯವರು ಎಂತದು ತಿಂದ್ರಿ ಹೇಳಿ ಮಾರಾಯ್ರೇ.” ಅಷ್ಟೇ ಸಾಕು, ಗುಂಪೆಲ್ಲ ನಗು. ನಾನು ಅರ್ಧ ಗಂಟೆ ಯೋಚಿಸಿ ಹಾಕಿದ ಜೋಕಿಗೆ ಬರದ ನಗು ನಿಮ್ಮ ದೋಸೆಗೆ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚು ಇತ್ತು. ಸಣ್ಣದೇ, ಆದರೆ ಇತ್ತು. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಆ ವರ್ಷ ಹೂಮಳೆ, ಅಂದರೆ ಕಾಫಿಯ ಮೊಗ್ಗು ಅರಳಿಸುವ ಬೇಸಿಗೆಯ ಮಳೆ, ತಡವಾಯಿತು. ಎಲ್ಲರ ಕಡೆಗೂ ಅಷ್ಟಿಷ್ಟು ಬಂದು, ನಮ್ಮ ಮೂಲೆಗೆ ಮಾತ್ರ ಬಂದಿರಲಿಲ್ಲ. ವನಗೂರಿನ ಲೋಕೇಶನಿಗೆ ಅದೇ ಹಬ್ಬ. “ಬಸಣ್ಣ, ನಿಮ್ ಕಡೀಕೆ ಬರಾಕೆ ಮೋಡಕ್ಕೂ ಹೆದ್ರಿಕೆ ಐತಾ ಹೆಂಗೆ?” ಎಂದು ನನ್ನನ್ನು ದಿನಕ್ಕೊಂದು ಸಲ ಚುಚ್ಚುತ್ತಿದ್ದ. ನೀವು ಮಗಳ ಬಾಣಂತನಕ್ಕೆಂದು ಮಂಗಳೂರಿನಲ್ಲಿದ್ದಿರಿ. ಅಲ್ಲಿಂದಲೇ ಲೋಕೇಶನ ಮಾತಿಗೆ ನಿಮ್ಮದೊಂದು ಒಗ್ಗರಣೆ — “ಬಸವರಾಜು ಅಳ್ತಾ ಇದ್ದಾನಾ ನೋಡಿ, ಕಣ್ಣೀರು ಗೇಜಿಗೆ ಬಿದ್ರೆ ಅದನ್ನೂ ಲೆಕ್ಕಕ್ಕೆ ಹಿಡಿಯುವ.” ಎಲ್ಲರೂ ನಕ್ಕರು. ನಾನೂ ನಗುವ ಗೊಂಬೆಯ ಇಮೋಜಿ ಹಾಕಿದೆ.

ಮರುದಿನ ಬೆಳಿಗ್ಗೆ ಎದ್ದರೆ ಅಂಗಳ ತೇವ. ಓಡಿ ಹೋಗಿ ನೋಡಿದೆ. ಗೇಜಿನ ತಳದಲ್ಲಿ ಒಂದಿಷ್ಟು ನೀರು, ಇಪ್ಪತ್ತು ಸೆಂಟ್ ಕೂಡ ಇರಲಿಕ್ಕಿಲ್ಲ. ಅಡಿಗೆ ಮನೆಯಿಂದ ಚೊಂಬು ತಂದು ಸುರಿದೆ. ಗಾಜಿನ ಕೊಳವೆಯಲ್ಲಿ ನೀರು ಒಂದಿಂಚಿನ ಗೆರೆ ದಾಟಿದಾಗ ಎಷ್ಟು ಖುಷಿಯಾಯಿತೆಂದರೆ — ನಿಜವಾಗಿ ಮಳೆ ಬಿದ್ದಿದ್ದರೂ ಅಷ್ಟು ಆಗುತ್ತಿರಲಿಲ್ಲವೇನೋ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಗಿರಿಜ, “ಇದೇನ್ರೀ ಹುಡುಗಾಟ, ಯಾರಾದ್ರೂ ನಿಜ ಅನ್ಕಂಡಾರು” ಎಂದಳು. ಮಧ್ಯಾಹ್ನದ ಹೊತ್ತಿಗೆ ಹೇಳಿಬಿಡುತ್ತೇನೆ, ಲೋಕೇಶನ ಮುಖ ನೋಡಬೇಕು ಎಂದೆ. ಫೋಟೋ ಹಾಕಿದೆ. ಅಭಿನಂದನೆಗಳ ಸುರಿಮಳೆಯಾಯಿತು. ಲೋಕೇಶನೇ “ಸೋತೆ ಕಣಣ್ಣ” ಎಂದು ಬರೆದ. ಅಷ್ಟು ಹೊತ್ತು, ಗುಂಪಿನಲ್ಲಿ ನನ್ನದೇ ದರ್ಬಾರು.

ಆಗ ನಿಮ್ಮ ಫೋನ್ ಬಂತು.

ಹಳ್ಳದ ಪಕ್ಕದ ಪಂಪ್‌ಸೆಟ್ ನಮ್ಮ ನಾಲ್ಕು ತೋಟದವರಿಗೆ ಸೇರಿದ್ದು. ಹೂಮಳೆ ಕೈಕೊಟ್ಟ ವರ್ಷ ಅದರಿಂದಲೇ ಸರದಿಯ ಮೇಲೆ ಸ್ಪ್ರಿಂಕ್ಲರ್ ಓಡಿಸಿ ಗಿಡಕ್ಕೆ ನೀರು ಕೊಡುತ್ತೇವೆ. ಅವತ್ತಿನ ಸರದಿ ನಿಮ್ಮದು, ಮುಂದಿನದು ಮಲ್ಲೇಶನದು. ನಿಮ್ಮ ತೋಟದ ಲೈನಿನ ಮನೆಗಳ ಕೆಲಸದವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಪೈಪ್ ಜೋಡಿಸಲು ಬಾಳ್ಳುಪೇಟೆಯಿಂದ ಆಳು ಕರೆಸಬೇಕಿತ್ತು. ತೋಟದ ಕಡೆ ಏನಾಗಿದೆ ಎಂದು ತಿಳಿಯಲು ನಿಮಗಿದ್ದವನು ಬೇಲಿಯಾಚೆಯ ನಾನೊಬ್ಬನೇ.

“ಬಸವರಾಜು, ನಮ್ಮ ಬದಿಗೂ ಅಷ್ಟೇ ಬಿದ್ದುಂಟಾ? ಹಾಗಾದ್ರೆ ಸರದಿ ಮಲ್ಲೇಶನಿಗೆ ಬಿಟ್ಟುಕೊಡ್ತೇನೆ. ಪಾಪ, ಅವನ ಗಿಡ ಒಣಗ್ತಾ ಉಂಟು.”

ನಾನು ಒಂದು ಕ್ಷಣ ಸುಮ್ಮನಾದೆ. ಆ ಕ್ಷಣವನ್ನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ — ಅದರಲ್ಲಿ ಜಾಗ ಇತ್ತು ಲೀನಕ್ಕ. “ಇಲ್ಲ ಅಕ್ಕ, ತಮಾಷೆ ಮಾಡಿದೆ” ಎನ್ನಲು ಬೇಕಾದಷ್ಟು ಜಾಗ ಇತ್ತು. ಆದರೆ ನೀವು ನಗುತ್ತೀರಿ, ಗುಂಪಿಗೆ ಹೇಳುತ್ತೀರಿ, ಲೋಕೇಶ ವರ್ಷಗಟ್ಟಲೆ ಆಡಿಕೊಳ್ಳುತ್ತಾನೆ — ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಬಿಸಿಲೆ ಘಾಟಿಯ ಕಡೆ ಮೋಡ ಕಟ್ಟಿತ್ತು. ಹೇಗೂ ಸಂಜೆ ಬಂದೇ ಬರುತ್ತದೆ, ಸುಳ್ಳು ತಾನಾಗಿ ನಿಜವಾಗುತ್ತದೆ ಎಂದು ಕೂಡ…

“ಬೇಲಿ ನೋಡ್ಕಂಡು ಮಳೆ ನಿಲ್ತದಾ ಅಕ್ಕ? ನಿಮ್ಮಲ್ಲೂ ಚೆನ್ನಾಗೇ ಬಿದ್ದೈತೆ. ಧೈರ್ಯವಾಗಿ ಬಿಟ್ಕೊಡಿ” ಎಂದೆ.

ಸಂಜೆ ಮಳೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಕಾಫಿ ಬೆಳೆಯುವವರಿಗೆ ಇದರ ಅರ್ಥ ಗೊತ್ತು. ಹನಿಯೇ ಬೀಳದ ಮೊಗ್ಗಾದರೂ ಮಳೆಗಾಗಿ ಕಾಯುತ್ತದೆ. ಅರೆಬರೆ ಹನಿ ಬಿದ್ದ ಮೊಗ್ಗು ಕಾಯುವುದಿಲ್ಲ. ಅದು ಉಬ್ಬುತ್ತದೆ, ಹಿಂದೆಯೇ ನೀರು ಸಿಗದಿದ್ದರೆ ಅರಳದೆ ಕಂದಿ ಉದುರುತ್ತದೆ. ನೀವು ಬಿಟ್ಟುಕೊಟ್ಟ ಸರದಿ ಮಲ್ಲೇಶನಿಗೆ ಹೋಗಿ, ಅವನಿಂದ ಮುಂದಿನವನಿಗೆ ಹೋಗಿ, ಮತ್ತೆ ನಮ್ಮ ಕಡೆಗೆ ಬರುವ ಹೊತ್ತಿಗೆ ಮುಗಿದುಹೋಗಿತ್ತು. ನನ್ನ ಸರದಿಯನ್ನೂ ನಾನು ತೆಗೆದುಕೊಳ್ಳಲಿಲ್ಲ. ಒಂದಿಂಚು ಮಳೆ ಬಿದ್ದ ತೋಟದಲ್ಲಿ ಸ್ಪ್ರಿಂಕ್ಲರ್ ಓಡಿಸಿದರೆ ನೋಡಿದವರು ಏನೆಂದುಕೊಂಡಾರು? ಮಾನ ಉಳಿಸಿಕೊಳ್ಳಲು ನನ್ನ ಗಿಡದ ಹೂವನ್ನೂ ಕಣ್ಣೆದುರೇ ಸುಟ್ಟುಕೊಂಡೆ. ಇದನ್ನು ನಿಮ್ಮ ಕರುಣೆಗಾಗಿ ಹೇಳುತ್ತಿಲ್ಲ. ನನ್ನ ನಷ್ಟ ನಾನು ಮಾಡಿಕೊಂಡದ್ದು, ಅದಕ್ಕೆ ತಕ್ಕವನೇ ನಾನು. ನಿಮ್ಮದು ಹಾಗಲ್ಲ.

ಮಗುವಿನ ತೊಟ್ಟಿಲ ಶಾಸ್ತ್ರ ಮುಗಿಸಿ ನೀವು ಬಂದಿರಿ. ತೋಟ ಸುತ್ತಿ ಬಂದು ಬೇಲಿಯ ಹತ್ತಿರ ನಿಂತಿದ್ದಿರಿ. ಕೈಯಲ್ಲಿ ಕಂದಿದ ಮೊಗ್ಗಿನ ಒಂದು ರೆಂಬೆ. “ಒಂದಿಂಚು ಮಳೆ ಬಂದೂ ಹೀಗೆ ಯಾಕಾಯ್ತು ಮಾರಾಯ?” ಎಂದು ಕೇಳಿದಿರಿ. ನಿಮ್ಮ ಮುಖದಲ್ಲಿ ಅನುಮಾನ ಇರಲಿಲ್ಲ. ನಿಜವಾಗಿ ತಿಳಿಯದೆ ಕೇಳುತ್ತಿದ್ದಿರಿ. ಎರಡನೆಯ ಅವಕಾಶ ಅದು — ಮೊದಲನೆಯದಕ್ಕಿಂತ ದೊಡ್ಡದು.

ನಾನು ನಿಮ್ಮ ಮರಗಳ ಕಡೆ ನೋಡಿದೆ. ಆ ವರ್ಷ ಮರಗಸಿಯನ್ನು, ಅಂದರೆ ಗಿಡಗಳ ಮೇಲಿನ ನೆರಳಿನ ಕೊಂಬೆ ಸವರಿಸುವ ಕೆಲಸವನ್ನು, ನೀವು ಯಾರನ್ನೂ ಕೇಳದೆ ನಿಮ್ಮ ಲೆಕ್ಕದಲ್ಲೇ ಮಾಡಿಸಿದ್ದಿರಿ. ನಿಮ್ಮ ಮೈದುನ ಫೆಲಿಕ್ಸ್‌ಗೆ ಅದು ಸರಿಬಿದ್ದಿರಲಿಲ್ಲ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ: “ನೆರಳು ಜಾಸ್ತಿ ತೆಗೆಸ್ಬುಟ್ರಿ ಅಕ್ಕ. ಬಿಸ್ಲು ಕುಡ್ದು ಹೂವು ಸುಟ್ಟೋಯ್ತು.”

ನೀವು ಮೇಲೆ ನೋಡಿದಿರಿ, ಬಹಳ ಹೊತ್ತು. “ಹೌದೇನೋ” ಎಂದಿರಿ. ಆ ‘ಹೌದೇನೋ’ ಇದೆಯಲ್ಲ, ಲೀನಕ್ಕ… ನನಗೆ ಬೈದಿದ್ದರೆ, ಜಗಳ ಆಡಿದ್ದರೆ ಇಷ್ಟು ದಿನ ಅದು ನನ್ನ ಬೆನ್ನು ಹತ್ತುತ್ತಿರಲಿಲ್ಲ.

ಆಮೇಲಿನದು ನಿಮಗೇ ಗೊತ್ತು. ನನ್ನ ಆ ಮಾತು ಹಬ್ಬಿ, ಗುಂಪಿನಲ್ಲಿ ಯಾರೋ ‘ಲೀನಕ್ಕನ ಮರಗಸಿ’ ಎಂದು ಹಗುರವಾಗಿ ಒಂದು ಮಾತು ಹಾಕಿದರು. ಅದು ಹಿಡಿಸಿಬಿಟ್ಟಿತು. ಒಬ್ಬ ಗಡ್ಡ ಬೋಳಿಸಿಕೊಂಡ ಫೋಟೋ ಹಾಕಿದರೆ ಲೀನಕ್ಕನ ಮರಗಸಿ. ಯಾರದೋ ತಲೆಗೂದಲು ಉದುರಿದರೆ ಲೀನಕ್ಕನ ಮರಗಸಿ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ, ಹರಟೆ ಅಷ್ಟೇ. ನೀವೂ ಮೊದಮೊದಲು ಜೊತೆಗೆ ನಕ್ಕಿರಿ. ಪ್ರತಿ ಸಲ ನಾನೂ ನಗುವ ಗೊಂಬೆ ಒತ್ತಿದೆ; ಒತ್ತದಿದ್ದರೆ ಯಾರಾದರೂ ಗಮನಿಸಿಯಾರು ಎಂದು. ನಿಧಾನವಾಗಿ ದೋಸೆಯ ಲೆಕ್ಕ ನಿಂತಿತು. ನಿಮ್ಮ ದನಿ ನಿಂತಿತು. ಯಾರದಾದರೂ ಹುಟ್ಟುಹಬ್ಬಕ್ಕೆ ಒಂದು ಸಾಲು, ಅಷ್ಟೇ ಉಳಿಯಿತು.

ಗುಂಪಿನ ಆ ತಮಾಷೆ ಫೆಲಿಕ್ಸ್ ಕಿವಿಗೂ ಬಿತ್ತು. ಬಾಳ್ಳುಪೇಟೆಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಅವರು ನನ್ನನ್ನೇ ಕೇಳಿದರು — “ನೀವು ಪಕ್ಕದವರು, ನೀವೇ ಹೇಳಿ. ಅತ್ತಿಗೆಗೆ ತೋಟ ನೋಡ್ಲಿಕ್ಕೆ ಬರೂದಿಲ್ಲ ಅಂತ ನಾನು ಹೇಳೂದು ತಪ್ಪಾ?” ನಾನು ತಪ್ಪು ಎನ್ನಲಿಲ್ಲ. ಚಹಾದ ಲೋಟ ನೋಡುತ್ತಾ “ಕಷ್ಟ ಬಿಡಿ” ಎಂದೆ. ಮುಂದಿನ ಬೆಳೆಯ ಹೊತ್ತಿಗೆ ಉಸ್ತುವಾರಿ ಅವರ ಕೈಗೆ ಹೋಯಿತು. ಫೋನಿನಲ್ಲಿ, ಬೇಲಿಯ ಬಳಿ, ಹೋಟೆಲಿನಲ್ಲಿ — ಗೇಜಿನ ಕೀಟಲೆ ಬಿಟ್ಟರೂ ಮೂರು ಸುಳ್ಳು. ಒಂದನ್ನು ಮುಚ್ಚಲು ಇನ್ನೊಂದು ಎಂದು ಜನ ಹೇಳುತ್ತಾರೆ. ನನ್ನ ಅನುಭವ ಹಾಗಲ್ಲ. ಮೂರನೆಯ ಸಲ ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ, ಮುಚ್ಚುವಂಥದ್ದೇನೂ ಇರಲಿಲ್ಲ. ಸುಲಭ ಎಂದು ಹೇಳಿದೆ, ಅಷ್ಟೇ.

ಹೋದ ವಾರ ನೀವು ಗುಂಪಿಗೆ ಬರೆದಿರಿ: “ಬರುವ ಭಾನುವಾರ ಚರ್ಚಿನಲ್ಲಿ ಪೂಜೆ ಆದ ಮೇಲೆ ಮನೆಯವರೆಲ್ಲ ಕೂತು ಕಾಗದಕ್ಕೆ ಸಹಿ ಹಾಕ್ತೇವೆ. ಇನ್ನು ತೋಟ ಪೂರ್ತಿ ಫೆಲಿಕ್ಸ್‌ದು. ನಾನು ಮಗಳ ಹತ್ರ ಇರ್ತೇನೆ. ತೋಟ ಇಲ್ಲದವಳಿಗೆ ಮಳೆಯ ಗುಂಪು ಯಾಕೆ ಮಾರಾಯ್ರೇ? ಸಹಿ ಆದ ಮೇಲೆ ನಾನೂ ಹೊರಗೆ ಹೋಗ್ತೇನೆ.” ಕೆಳಗೆ ಕೈಮುಗಿದ ಗೊಂಬೆಗಳು ಸಾಲಾಗಿ ಬಂದವು. ನಾನೂ ಒಂದನ್ನು ಒತ್ತಲು ಹೋದೆ. ಒತ್ತಲಿಲ್ಲ. ಫೋನನ್ನು ಕೆಳಗಿಟ್ಟು ಗಿರಿಜಳಿಗೆ ಎಲ್ಲ ಹೇಳಿದೆ, ನಿಮ್ಮ ಫೋನ್ ಬಂದದ್ದು, ಬೇಲಿಯ ಹತ್ತಿರ ಹೇಳಿದ್ದು, ಹೋಟೆಲಿನದು. ಚೊಂಬಿನ ವಿಷಯ ಮಾತ್ರ ಗೊತ್ತಿದ್ದವಳು ಅವಳು. ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ. “ನನ್ ಮುಂದೆ ಹೇಳಿ ಏನ್ ಬಂತು? ಹೇಳ್ಬೇಕಾದೋರ್ ಮುಂದೆ ಹೇಳ್ರಿ” ಎಂದು ಎದ್ದು ಹೋದಳು.

ಅದಕ್ಕೇ ನಿನ್ನೆ ಬೆಳಿಗ್ಗೆ, ಎಲ್ಲರೂ ಮಳೆಯ ಲೆಕ್ಕ ಹಾಕುವ ಹೊತ್ತಿಗೆ, ಗುಂಪಿನಲ್ಲಿ ಬರೆದೆ. ಆ ದಿನದ ಒಂದಿಂಚು ಸುಳ್ಳು, ನೀರು ಸುರಿದವನು ನಾನು, ಲೀನಕ್ಕನ ಮರಗಸಿಯಲ್ಲಿ ತಪ್ಪಿರಲಿಲ್ಲ — ಹೀಗೆ ನೇರವಾಗಿ. ಏನಾಯಿತು ಗೊತ್ತೆ? ನಗುವ ಗೊಂಬೆಗಳು ಬಂದವು. “ಬಸಣ್ಣಂದು ಹೊಸ ಸಿನಿಮಾ ಬಂತು ಕಣ್ರಪ್ಪೋ” ಎಂದ ಲೋಕೇಶ. ನಿಜ ಎಂದು ಮತ್ತೆ ಬರೆದೆ, ಇನ್ನಷ್ಟು ನಕ್ಕರು. ಯಾರೋ ಹಲಸಿನ ಹಪ್ಪಳದ ಫೋಟೋ ಹಾಕಿದರು. ಮಾತು ಅತ್ತ ಹೋಯಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಇಷ್ಟು ವರ್ಷ ಅಲ್ಲಿ ನಾನು ಆಡಿದ್ದೆಲ್ಲ ಆಟದ ಮಾತೇ. ಒಂದು ದಿನ ನಿಜ ಹೇಳಿದರೆ ನಂಬಬೇಕೆಂದು ಯಾವ ಬಾಯಲ್ಲಿ ಕೇಳಲಿ?

ನೀವು ಓದಿದ್ದೀರಿ ಎಂದು ವಾಟ್ಸಾಪ್ ತೋರಿಸುತ್ತಿದೆ. ಏನೂ ಬರೆದಿಲ್ಲ. ನೀವೂ ತಮಾಷೆ ಎಂದುಕೊಂಡಿರೋ, ಅಥವಾ ನಿಮಗೊಬ್ಬರಿಗೆ ಮಾತ್ರ ಅರ್ಥವಾಯಿತೋ, ತಿಳಿಯದು. ಎರಡರಲ್ಲಿ ಯಾವುದಾದರೂ ಸರಿ, ನಾನು ಮಾಡಬೇಕಾದ್ದು ಬದಲಾಗುವುದಿಲ್ಲ. ಗುಂಪಿನಲ್ಲಿ ಹೇಳಿದ್ದು ಸಾಲದು ಎಂದು ಗೊತ್ತಾಯಿತು. ಅಲ್ಲಿ ನನ್ನ ಮುಖ ಕಾಣುವುದಿಲ್ಲ.

ಭಾನುವಾರ ನಾನು ನಿಮ್ಮ ಮನೆಗೆ ಬರುತ್ತೇನೆ. ಗಿರಿಜಳೂ ಬರುತ್ತಾಳೆ, ನೀರು ಸುರಿದದ್ದನ್ನು ಕಣ್ಣಾರೆ ಕಂಡವಳು ಅವಳೇ. ಫೆಲಿಕ್ಸ್ ಮುಂದೆ, ನಿಮ್ಮ ಮಗಳ ಮುಂದೆ, ಯಾರೆಲ್ಲ ಕೂತಿರುತ್ತಾರೋ ಅವರೆಲ್ಲರ ಮುಂದೆ ಹೇಳುತ್ತೇನೆ — ಹೂವು ಸುಟ್ಟದ್ದು ನೆರಳಿಲ್ಲದೆ ಅಲ್ಲ, ನನ್ನ ಮಾತಿನಿಂದ. ಅತ್ತಿಗೆಗೆ ತೋಟ ನೋಡಲು ಬರುವುದಿಲ್ಲವೇ ಎಂದು ಕೇಳಿದಾಗ ನಾನು ಕೊಟ್ಟ ಉತ್ತರ ಹೇಡಿಯದು. ಅವರು ಬೈಯಲಿ, ಹೊರಗೆ ಹಾಕಲಿ. ಅಂಗಳದಲ್ಲಿ ನಿಂತಾದರೂ ಹೇಳಿ ಮುಗಿಸುತ್ತೇನೆ. ನಿಮ್ಮ ಕ್ಷಮೆ ಕೇಳಲು ಬರುತ್ತಿಲ್ಲ. ಅದನ್ನು ಕೇಳುವ ಯೋಗ್ಯತೆ ನನಗಿಲ್ಲ. ಸತ್ಯ ಗೊತ್ತಾದ ಮೇಲೂ ತೋಟ ಬಿಡಬೇಕೆನಿಸಿದರೆ ಬಿಡಿ, ಅದು ನಿಮ್ಮ ಇಷ್ಟ. ಆದರೆ ನನ್ನ ಸುಳ್ಳನ್ನು ನಂಬಿ ಬಿಡಬೇಡಿ.

ನಾನು ಬರುವ ತನಕ ಸಹಿ ಹಾಕಬೇಡಿ, ಲೀನಕ್ಕ.