ಬಾರಿನ ಮುಂದೆ ನನ್ನ ಕುರ್ಚಿ

ಟಪ್. ನೋಟಿನ ಕಟ್ಟಿನ ಮೇಲೆ ರಬ್ಬರ್ ಬ್ಯಾಂಡ್ ಬಂದು ಬೀಳುವ ಸದ್ದು. ಈಗಲೂ ಸೊಪ್ಪಿನವನು ಕೊತ್ತಂಬರಿ ಕಟ್ಟಿಗೆ ಬ್ಯಾಂಡ್ ಎಳೆದು ಬಿಟ್ಟರೆ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ತೊಂಬತ್ತರ ದಶಕದ ನಡುವಿನ ಒಂದು ನವೆಂಬರ್ ಸಂಜೆ, ಜಯನಗರದಿಂದ ಬನಶಂಕರಿ ಕಡೆಗೆ ಹೋಗುವ ರಸ್ತೆಯ ಬಾರೊಂದರ ಕೌಂಟರಿನಲ್ಲಿ ಅದನ್ನು ಮೊದಲು ಕೇಳಿದ್ದು. ಆ ಒಂದು ಸದ್ದಿನೊಳಗೆ ನನ್ನ ಐನೂರರ ನೋಟು ಹೋಗಿ ಅಡಗಿತು.

ನನ್ನಂಥವಳಿಗೆ ಬಾರಿನಲ್ಲೇನು ಕೆಲಸ ಅಂತ ಕೇಳುವವರಿಗೆ ಉತ್ತರ: ಪ್ಲಮ್ ಕೇಕ್. ನಾನು ಕಾನ್ವೆಂಟಿನಲ್ಲಿ ಓದಿದವಳು, ಆಮೇಲೆ ರಿಟೈರ್ ಆಗುವವರೆಗೂ ಜಯನಗರದ ಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಹೇಳಿದವಳು. ಸಿಸ್ಟರ್‌ಗಳು ನನಗೆ ಕಲಿಸಿದ್ದರಲ್ಲಿ ಉಳಿದದ್ದು ಒಳ್ಳೆಯ ಹ್ಯಾಂಡ್‌ರೈಟಿಂಗು, ನಿಟಿಂಗು, ನೆಟ್ಟಗೆ ಕೂರುವ ಅಭ್ಯಾಸ ಮತ್ತು ಡಿಸೆಂಬರಿನ ಕೇಕು. ದಿನಾ ಬೆಳಿಗ್ಗೆ ತುಳಸಿಗೆ ನೀರು ಹಾಕುವ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಒಣದ್ರಾಕ್ಷಿ, ಚೆರ್ರಿ, ಕಿತ್ತಳೆ ಸಿಪ್ಪೆ ಎಲ್ಲ ಒಂದು ತಿಂಗಳು ರಮ್ಮಿನಲ್ಲಿ ನೆನೆಯುತ್ತಿದ್ದವು. ರಮ್ ತರುವುದು ಯಜಮಾನರ ಕೆಲಸ. ಹಾಫ್ ಬಾಟಲನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿಸಿ, ಬಟ್ಟೆಯ ಚೀಲಕ್ಕೆ ಹಾಕಿ, ಮೇಲೊಂದು ಕಟ್ಟು ಕರಿಬೇವು ಇಟ್ಟುಕೊಂಡು, ಶುದ್ಧ ಸಂಸಾರಸ್ಥರ ಮುಖ ಮಾಡಿಕೊಂಡು ಬರುತ್ತಿದ್ದರು. ಅದರಲ್ಲಿ ಅರ್ಧ ಹಣ್ಣಿಗೆ, ಅರ್ಧ ಅವರಿಗೆ.

ಆ ವರ್ಷದ ಬೇಸಿಗೆಯಲ್ಲಿ ಅವರು ಹೋಗಿಬಿಟ್ಟರು. ನವೆಂಬರ್ ಮಾತ್ರ ಎಂದಿನಂತೆ ಬಂತು. ಚಳಿಗೆಂದು ಟ್ರಂಕಿನಿಂದ ಅವರ ಸ್ವೆಟರ್ ತೆಗೆದೆ, ನಾನೇ ಹೆಣೆದದ್ದು. ಜೇಬಿನಲ್ಲಿ ನುಸಿಗುಳಿಗೆಯ ವಾಸನೆ ಹೊಡೆಯುತ್ತಾ ಐನೂರರ ನೋಟೊಂದು ನಾಲ್ಕಾಗಿ ಮಡಚಿಕೊಂಡು ಕೂತಿತ್ತು. ನೋಟನ್ನು ನಾಲ್ಕಾಗಿ ಮಡಿಸದೆ ಅವರು ಜೇಬಿಗೆ ಹಾಕಿದವರೇ ಅಲ್ಲ. ನೋಡುತ್ತಾ ನಿಂತವಳಿಗೆ ಒಂದು ಯೋಚನೆ ಬಂತು. ಈ ಸಲದ ಕೇಕು ಪೂರ್ತಿ ಅವರ ಖರ್ಚು. ರಮ್ಮೂ ಇದರಲ್ಲೇ, ಉಳಿದ ಚಿಲ್ಲರೆಯಲ್ಲಿ ಬೆಣ್ಣೆ, ಮೊಟ್ಟೆ, ಗೋಡಂಬಿ. ಹೈಸ್ಕೂಲ್ ಹುಡುಗಿಯ ಹಾಗೆ ಖುಷಿಯಾಯಿತು, ಗಂಡ ಟ್ರೀಟ್ ಕೊಡಿಸುತ್ತಿದ್ದಾರೆ ಅಂತ.

ಬಾರಿನ ಬಾಗಿಲ ಪಕ್ಕದಲ್ಲಿ ಪಾರ್ಸೆಲ್ ಕೊಡುವುದಕ್ಕೊಂದು ಕಿಟಕಿ, ಅದಕ್ಕೆ ಕಬ್ಬಿಣದ ಗ್ರಿಲ್. ಒಳಗೆ ನಲವತ್ತರ ಆಸುಪಾಸಿನ ಕ್ಯಾಷಿಯರ್. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಎಡಗೈ ತುಂಬ ಬಳೆಯ ಹಾಗೆ ರಬ್ಬರ್ ಬ್ಯಾಂಡು.

"ರಮ್, ಹಾಫ್" ಎಂದೆ. ದನಿ ನನ್ನದೇ ಅಲ್ಲವೇನೋ ಎಂಬಂತಿತ್ತು.

"ಯಾವ್ದು ಮೇಡಂ?"

"ಯಾವುದಾದ್ರೂ. ಕೇಕಿಗೆ."

ಹಿಂದೆ ನಿಂತವನೊಬ್ಬ "ಕೇಕಿಗಂತೆ ಮಗಾ" ಎಂದ. ಅವನ ಜೊತೆಯವನು ಕಿಸಕ್ಕೆಂದ. ನಾನು ನೋಟು ಕೊಟ್ಟೆ. ಕ್ಯಾಷಿಯರ್ ಅದನ್ನು ಒಂದು ಕಟ್ಟಿನೊಳಗೆ ತೂರಿಸಿ ಬ್ಯಾಂಡ್ ಬಿಟ್ಟ. ಟಪ್. ಬಾಟಲು ಬಂತು, ಚಿಲ್ಲರೆ ಬಂತು. ಎಣಿಸದೆ ಪರ್ಸಿಗೆ ತುರುಕಿಕೊಂಡು ಹೊರಟೆ. ಯಾವ ಹೆಂಗಸು ತಾನೇ ಬಾರಿನ ಎದುರು ನಿಂತು ದುಡ್ಡು ಎಣಿಸುತ್ತಾಳೆ? ಅಲ್ಲಿಂದ ಎಷ್ಟು ಬೇಗ ಮಾಯವಾದೇನು ಎಂಬುದೊಂದೇ ಚಿಂತೆ.

ಪಕ್ಕದ ಬೇಕರಿಯಲ್ಲಿ ಬೆಣ್ಣೆ ಕೊಳ್ಳಲು ಪರ್ಸ್ ತೆರೆದಾಗ ಗೊತ್ತಾಯಿತು. ಅವನು ಕೊಟ್ಟದ್ದು ನೂರು ರೂಪಾಯಿಗೆ ಚಿಲ್ಲರೆ. ಪೂರ್ತಿ ನಾನೂರು ಕಡಿಮೆ. ವಾಪಸ್ ಹೋದೆ.

"ನಾನು ಕೊಟ್ಟಿದ್ದು ಐನೂರರ ನೋಟು."

"ನೂರು ಮೇಡಂ."

"ಐನೂರು. ನಾಲ್ಕಾಗಿ ಮಡಚಿದ್ದು. ಆ ಕಟ್ಟು ಬಿಚ್ಚಿ, ಮಡಚಿದ ಗೆರೆ ಕಾಣುತ್ತೆ."

"ಬ್ಯಾಂಡ್ ಬಿದ್ಮೇಲೆ ಓನರೇ ಬಿಚ್ಬೇಕು. ಅದು ನಮ್ ರೂಲ್ಸು."

"ಹಾಗಾದ್ರೆ ಓನರನ್ನ ಕರೀರಿ."

ಅವನು ನನ್ನನ್ನು ಬಿಟ್ಟು ನನ್ನ ಹಿಂದಿದ್ದ ಗಂಡಸರನ್ನು ನೋಡಿ ನಕ್ಕ. "ಮೇಡಂ, ನಿಮ್ಗೆ ಲೆಕ್ಕ ಗೊತ್ತಾಗ್ದಿದ್ರೆ ಮನೆಯವ್ರನ್ನ ಕಳ್ಸಿ, ಅವ್ರ ಹತ್ರ ಮಾತಾಡ್ತೀನಿ. ಹಿಂಗೆ ಸಾಯಂಕಾಲ ಹೊತ್ತು ಹೆಂಗಸ್ರು ಮುಂದೆ ಬಂದ್ ನಿಂತ್ರೆ ಗಿರಾಕಿಗಳು ಬರಲ್ಲ. ನಡೀರಿ, ನಡೀರಿ."

ಮನೆಯವರನ್ನು ಎಲ್ಲಿಂದ ಕಳಿಸಲಿ? ನಡೆದುಬಿಟ್ಟೆ.

ಪೆನ್ಷನ್ನಿನ ಮೇಲಿದ್ದವಳಿಗೆ ನಾನೂರು ರೂಪಾಯಿ ಸಣ್ಣದೇನಲ್ಲ. ಆದರೆ ಹೊಟ್ಟೆ ಉರಿದದ್ದು ಅದಕ್ಕಲ್ಲ. ಆ ನೋಟನ್ನು ಹೇಗಿದ್ದರೂ ನಾನೇ ಕೈ ಬಿಡುವವಳಿದ್ದೆ, ನಿಜ. ರಮ್ಮಿಗೆ ಕೊಡುವುದು ಬೇರೆ, ಅವರು ಕೊಡಿಸಿದ ಕೇಕನ್ನು ಯಾವನೋ ಅರ್ಧದಲ್ಲಿ ಕಿತ್ತುಕೊಳ್ಳುವುದು ಬೇರೆ. ಅದರ ಮೇಲೆ ಅವರನ್ನೇ ಕಳಿಸು ಎನ್ನುವುದು! ಮನೆಗೆ ಬಂದು ಪಿಂಗಾಣಿ ಜಾಡಿಯಲ್ಲಿದ್ದ ಹಣ್ಣಿನ ಮೇಲೆ ರಮ್ ಸುರಿಯುತ್ತಾ ಅವನ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದೆ. ಹೆಂಗಸರು ಮುಂದೆ ಬಂದು ನಿಂತರೆ ಗಿರಾಕಿಗಳು ಬರಲ್ಲ. ಅರೆ, ತನ್ನ ಕುತ್ತಿಗೆ ಎಲ್ಲಿ ಹಿಡಿಯಬೇಕು ಅಂತ ಅವನೇ ತೋರಿಸಿಕೊಟ್ಟಿದ್ದಾನಲ್ಲ! ನಿಲ್ಲುವ ವಯಸ್ಸು ನನ್ನದಲ್ಲ. ಕೂರಬಹುದು.

ಮಾರನೆಯ ಸಂಜೆ ದೀಪ ಹತ್ತುವ ಹೊತ್ತಿಗೆ ಮಡಚುವ ಕುರ್ಚಿ, ಉಣ್ಣೆಯ ಬುಟ್ಟಿ, ಒಂದು ಫ್ಲಾಸ್ಕ್ ಕಾಫಿ ಹಿಡಿದುಕೊಂಡು ಹೋದೆ. ಕಿಟಕಿಗೆ ನೇರ ಎದುರು, ಹೊಂಗೆ ಮರದ ಕೆಳಗೆ, ಫುಟ್‌ಪಾತಿನ ಮೇಲೆ ಕುರ್ಚಿ ಬಿಚ್ಚಿದೆ. ಬೆನ್ನು ನೆಟ್ಟಗೆ, ಮಂಡಿಗಳನ್ನು ಕೂಡಿಸಿ, ಕೈಗಳಿಗೆ ಕೆಲಸ. ಸಿಸ್ಟರ್‌ಗಳು ನೋಡಿದ್ದರೆ ಪೋಸ್ಚರಿಗೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು. ಜಾಗದ ವಿಷಯ ಬೇರೆ.

ಮೊದಲು ಬಂದವರು ನಮ್ಮ ಪಕ್ಕದ ಕ್ರಾಸಿನ ಬ್ಯಾಂಕ್ ಆಫೀಸರ್. ಅವರ ಇಬ್ಬರೂ ಮಕ್ಕಳಿಗೆ ನಾನು ಕ್ಲಾಸ್ ಟೀಚರ್ ಆಗಿದ್ದೆ. ಕೈಯಲ್ಲಿ ನಮ್ಮವರದೇ ಥರದ ಬಟ್ಟೆಯ ಚೀಲ.

"ಗುಡ್ ಈವ್ನಿಂಗ್ ಮೇಡಂ. ನೀವು... ಇಲ್ಲಿ?"

"ಕೂತಿದ್ದೀನಿ. ನೀವು?"

"ನಾನು... ಬ್ರೆಡ್ಡು" ಎಂದವರು ಬೇಕರಿಗೆ ತಿರುಗಿದರು. ಕೊಂಡೂ ಕೊಂಡರು, ಪಾಪ.

ಆಮೇಲೆ ಬೈಕಿನಲ್ಲಿ ನನ್ನ ಹಳೆಯ ಸ್ಟೂಡೆಂಟ್ ಒಬ್ಬ ಬಂದ. ಮುಖದ ತುಂಬ ಮೀಸೆ. ನನ್ನನ್ನು ಕಂಡದ್ದೇ "ಮಿಸ್!" ಎಂದು ಸಿಗರೇಟನ್ನು ಬೆನ್ನ ಹಿಂದೆ ಒಯ್ದ.

"ಪಫ್ಸ್ ತಗೊಳ್ಳೋಣ ಅಂತ ಬಂದೆ ಮಿಸ್."

"ವೆರಿ ಗುಡ್. ಎಗ್ಗಾ, ವೆಜ್ಜಾ?"

ಆ ಸಂಜೆ ಬೇಕರಿಯಲ್ಲಿ ಪಫ್ಸ್ ಖಾಲಿಯಾದವು. ಬೇಕರಿಯವನು ಎರಡು ಬಿಸ್ಕತ್ತು ತಂದುಕೊಟ್ಟು "ಆಂಟಿ, ನಾಳೆನೂ ಬರ್ತೀರಾ?" ಎಂದು ಕೇಳಿದ. ಬಾಯಿ ಕಿವಿಯವರೆಗಿತ್ತು.

ಕ್ಯಾಷಿಯರ್ ಗ್ರಿಲ್ಲಿಗೆ ಮುಖ ಒತ್ತಿದ. "ಮೇಡಂ, ಇಲ್ಲೆಲ್ಲಾ ಕೂರಂಗಿಲ್ಲ."

"ಫುಟ್‌ಪಾತು ಕಾರ್ಪೊರೇಷನ್‌ದು. ನನಗೆ ನಾನೂರು ರೂಪಾಯಿ ಬರಬೇಕು. ಎಣಿಸಿ ಕೊಡಿ, ಎದ್ದು ಹೋಗ್ತೀನಿ."

"ಕೊಡೋದೇನೂ ಇಲ್ಲ."

"ಹಾಗಾದ್ರೆ ಏಳೋದೂ ಏನೂ ಇಲ್ಲ."

ಎರಡನೆಯ ಸಂಜೆ ಮೂಲೆಯಲ್ಲಿ ಹೂ ಕಟ್ಟುವ ಅಮ್ಮ ಬುಟ್ಟಿಯ ಸಮೇತ ಬಂದು ನನ್ನ ಕುರ್ಚಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. "ನಂಗೂ ಹಿಂಗೇ ಮಾಡ್ದ ಕಣವ್ವಾ. ಮಗಳ ಬಾಣಂತನಕ್ಕೆ ಅಂತ ಬ್ರಾಂದಿ ತರಕ್ಕೋಗಿದ್ದೆ. ಮನೇಗೋಗಿ ನೋಡಿದ್ರೆ ಚಿಲ್ರೇಲಿ ಐವತ್ತು ಕಮ್ಮಿ. ವಾಪಸ್ ಬಂದು ಕೇಳಿದ್ರೆ, ಕುಡ್ದಿದ್ದೀಯ ಹೋಗು ಅಂದ, ಎಲ್ಲಾರ್ ಮುಂದೆ. ನಾನು ಒಂದ್ ದಿನಾನೂ ಮುಟ್ದೋಳಲ್ಲ ಕಣವ್ವಾ."

ಆಗ ಅರ್ಥವಾಯಿತು. ಇದು ಅವನ ಕೈತಪ್ಪಲ್ಲ, ಕಸುಬು. ಗಂಡಸರ ಚಿಲ್ಲರೆ ಸರಿಯಾಗಿಯೇ ಇರುತ್ತಿತ್ತು. ಬಾಣಂತಿಗೆ ಬ್ರಾಂದಿ, ಕೇಕಿಗೆ ರಮ್, ಕಾಲು ನೋವಿರುವ ಮಾವನಿಗೊಂದು ಕ್ವಾರ್ಟರ್ ಅಂತ ಸೆರಗು ಹೊದ್ದುಕೊಂಡು ಬರುವವರು ಎಣಿಸುವುದಿಲ್ಲ, ತಿರುಗಿ ಬಂದರೂ ಜಗಳಕ್ಕೆ ನಿಲ್ಲುವುದಿಲ್ಲ. ನಮ್ಮ ನಾಚಿಕೆಯೇ ಅವನ ಮೇಲ್ಸಂಪಾದನೆ. ಮೈ ಗಾಡ್, ಅವತ್ತು ನನ್ನ ಸೂಜಿಗಳು ಓಡಿದ ವೇಗಕ್ಕೆ ಸ್ವೆಟರಿನ ಒಂದು ತೋಳೇ ಮುಗಿಯಿತು.

ಸುದ್ದಿ ಬಸವನಗುಡಿಯ ನನ್ನ ನಾದಿನಿಯವರೆಗೂ ಹೋಯಿತು. ಫೋನ್ ಎತ್ತಿದರೆ ಹಲೋ ಇಲ್ಲ, ಏನಿಲ್ಲ.

"ಅತ್ತಿಗೆ, ನೀವು ದಿನಾ ಬಾರ್ ಮುಂದೆ ಕೂತಿರ್ತೀರಂತೆ? ಜನ ಏನಂತಾರೆ? ಅಣ್ಣ ಇದ್ದಿದ್ರೆ..."

"ನಿಮ್ಮಣ್ಣ ಇದ್ದಿದ್ರೆ ಒಳಗೇ ಕೂತಿರ್ತಿದ್ರು, ಬಿಡು."

ಮೂರನೆಯ ಸಂಜೆ ಕ್ಯಾಷಿಯರ್ ಹೊರಗೆ ಬಂದ. ಬಗ್ಗಿ, ಸಣ್ಣ ದನಿಯಲ್ಲಿ, "ನೂರು ತಗೊಂಡು ಬಿಟ್ಬಿಡಿ ಮೇಡಂ" ಎಂದ. ನಾನು ಹೆಣೆಯುತ್ತಲೇ ಇದ್ದೆ. "ಇನ್ನೂರು" ಎಂದ. ನಾನು ಹೆಣಿಗೆಯ ಕುಣಿಕೆ ಎಣಿಸಿದೆ. ಆಗ ಅವನ ದನಿ ಬದಲಾಯಿತು. "ನಿಮ್ ಮನೆ ಎಲ್ಲಿ ಅಂತ ಗೊತ್ತು ನಂಗೆ."

ಒಬ್ಬಳೇ ಇರುವ ಮನೆ. ಆದರೆ ಕ್ಲಾಸಿನಲ್ಲಿ ಹೆದರಿಕೆ ತೋರಿಸದೆ ಇರುವುದನ್ನು ಒಂದು ಆಯುಷ್ಯವಿಡೀ ಅಭ್ಯಾಸ ಮಾಡಿದ್ದೆನಲ್ಲ.

"ಗೊತ್ತಿದ್ರೆ ಒಳ್ಳೇದೇ ಆಯ್ತು. ದುಡ್ಡು ಅಲ್ಲಿಗೇ ತಂದುಕೊಡಿ."

ಅದರ ಮಾರನೆಯ ದಿನ ಓನರ್ ಬಂದರು. ಬಿಳಿ ಪಂಚೆ, ಬಿಳಿ ಶರ್ಟು. ಆ ಸಾಲಿನ ಅಂಗಡಿಗಳೆಲ್ಲ ಅವರ ತಂದೆಯ ರಾಗಿ ಹೊಲದ ಮೇಲೆ ಎದ್ದವು, ಈಗ ಎಲ್ಲಕ್ಕೂ ಬಾಡಿಗೆ ಅವರಿಗೆ. ಬಾರು ಮಾತ್ರ ಅವರದೇ.

"ಏನ್ ಮೇಡಂ ಇದು? ನನ್ ಮಗಳಿಗೆ ಎ ಬಿ ಸಿ ಡಿ ಹೇಳ್ಕೊಟ್ಟೋರು ನೀವು. ಇಲ್ಲಿ ಕೂತ್ರೆ ನಾನ್ ಏನ್ ಮಾಡ್ಲಿ? ಗಲ್ಲಾ ಖಾಲಿ. ನಿಮ್ನ ನೋಡಿ ನಮ್ ಗಿರಾಕಿಗಳೆಲ್ಲಾ ಇಟ್ಟಮಡುಗೆ ಹೋಗ್ತಾವ್ರೆ ಕುಡಿಯಕ್ಕೆ!"

ನಡೆದದ್ದನ್ನು ಹೇಳಿದೆ. ನೋಟು ನಾಲ್ಕಾಗಿ ಮಡಚಿತ್ತು ಎಂದಾಗ ಅವರ ಹುಬ್ಬು ಮೇಲೇರಿತು. ಕಿಟಕಿಯ ಕಡೆ ತಿರುಗಿದರು.

"ಲೇ, ಬಾರಯ್ಯಾ ಈಚೆಗೆ. ಅವತ್ತು ನಾನ್ ಬಿಚ್ಚಿದ್ ನೂರರ ಕಟ್ಟಲ್ಲಿ ಮಡಚಿದ್ ಐನೂರು ಸಿಕ್ತಲ್ಲ, 'ನಂದೇ ಸಾರ್, ಗಲ್ಲಾದಿಂದ ನೂರು ತಗೊಂಡಿದ್ದೆ, ಚಿಲ್ರೆ ಇಲ್ದೆ ಇದನ್ನ ಇಟ್ಟಿದ್ದೆ' ಅಂತ ಅದರ ಜಾಗಕ್ಕೊಂದು ನೂರು ಹಾಕಿ ಎತ್ಕೊಂಡ್ಯಲ್ಲ, ಯಾರ್ದದು?"

ಅವನು ಹೊರಗೆ ಬಂದು ಎಡಗೈಯ ಬ್ಯಾಂಡುಗಳನ್ನು ತಿರುವತೊಡಗಿದ. ಬೇಕರಿಯ ಮುಂದೆ ಪಫ್ಸ್ ಹಿಡಿದು ನಿಂತಿದ್ದ ಗಂಡಸರೆಲ್ಲ ಇತ್ತ ತಿರುಗಿದರು. ಓನರ್ ಗಲ್ಲಾದಿಂದ ದುಡ್ಡು ತರಿಸಿದರು. "ಸಂಬಳದಲ್ಲಿ ಹಿಡ್ಕೋತೀನಿ. ಎಣಿಸಿ ಕೊಡು ಮೇಡಂಗೆ."

"ನಾನೆಲ್ಲಿಂದ ಚಿಲ್ಲರೆ ಇಸ್ಕೊಂಡೆನೋ ಅಲ್ಲಿಂದಲೇ ಕೊಡಲಿ" ಎಂದೆ. ಅವನು ಒಳಗೆ ಹೋದ. ನಾನು ಕಿಟಕಿಗೆ ಹೋಗಿ ಅಂಗೈ ಚಾಚಿದೆ. ಅವನು ಗೊಣಗುತ್ತಾ ಎಣಿಸತೊಡಗಿದ.

"ಜೋರಾಗಿ. ಹಿಂದಿನ ಬೆಂಚಿಗೆ ಕೇಳಿಸಬೇಕು."

"ನೂರು. ಇನ್ನೂರು. ಮುನ್ನೂರು. ನಾನೂರು."

"ಈ ಅಮ್ಮನ ಐವತ್ತು?"

ಅದೂ ಬಂತು. ಹೂವಿನಮ್ಮ ಅದನ್ನು ಕಣ್ಣಿಗೊತ್ತಿಕೊಂಡು, ಗ್ರಿಲ್ಲಿನ ಹತ್ತಿರ ಹೋಗಿ, "ಇವಾಗ ಹೇಳು, ಯಾರ್ ಕುಡ್ದಿರೋದು?" ಎಂದಳು.

"ಮನೆಯವರನ್ನ ಕಳಿಸಬೇಕಾ ಇನ್ನೂ?" ಎಂದು ನಾನು ಕೇಳಿದೆ.

"ಬೇಡ ಮೇಡಂ. ತಪ್ಪಾಯ್ತು."

"ಆ ಮಡಚಿದ ನೋಟು ಎಲ್ಲಿ?"

"ಖರ್ಚಾಗೋಯ್ತು."

ಇಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಆ ಒಂದು ಪದ ನನ್ನೊಳಗೆ ಮುಳ್ಳಿನ ಹಾಗೆ ಮುರಿದು ಉಳಿಯಿತು. ಆ ನೋಟನ್ನು ಅವರು ಮಡಚಿದ ಗೆರೆಯಲ್ಲೇ ಇನ್ನೊಮ್ಮೆ ಮಡಚಿ, ಬೆಣ್ಣೆಗೆಂದು ಬೇಕರಿಯಲ್ಲಿ ಕೊಟ್ಟು ಬರುವ ಆಸೆ ಇತ್ತು ನನಗೆ. ಓನರ್ ಅವನನ್ನು ಗಲ್ಲಾದಿಂದ ತೆಗೆದು ಖಾಲಿ ಬಾಟಲಿನ ಕ್ರೇಟು ಹೊರುವುದಕ್ಕೆ ಹಾಕಿದರು. ಅದನ್ನು ನೋಡುವುದಕ್ಕೆಂದೇ ನಾನು ಬೇಡದ ಬ್ರೆಡ್ ಕೊಳ್ಳಲು ಹೋಗುತ್ತಿದ್ದೆ. ಅವನು ಕ್ರೇಟು ಇಳಿಸಿ ಸೊಂಟ ಹಿಡಿದುಕೊಂಡರೆ ನನಗೆ ಕಾಫಿ ಕುಡಿದಷ್ಟು ಹಿತ.

ಡಿಸೆಂಬರಿನಲ್ಲಿ ಕೇಕು ಚೆನ್ನಾಗಿ ಬಂತು. ಬಟರ್ ಪೇಪರಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಓನರಿಗೆ, ಬೇಕರಿಯವನಿಗೆ, ಹೂವಿನಮ್ಮನಿಗೆ, ಅಲ್ಲಿದ್ದ ಗಿರಾಕಿಗಳಿಗೂ ಒಂದೊಂದು ತುಂಡು ಕೊಟ್ಟೆ. "ಮಿಸ್, ಸಖತ್ತಾಗಿದೆ" ಎಂದ ಮೀಸೆಯವನು. ಕ್ರೇಟಿನ ಪಕ್ಕ ನಿಂತವನು ನೋಡುತ್ತಿದ್ದ. ಡಬ್ಬಿಯಲ್ಲಿ ಇನ್ನೂ ಒಂದು ತುಂಡಿತ್ತು. ಅವನ ಕಣ್ಣೆದುರೇ ಮುಚ್ಚಳ ಹಾಕಿದೆ.

ಆಮೇಲೆ ಅವನು ಬಾರು ಬಿಟ್ಟು ಹೋದನಂತೆ. ಬೇಕರಿಯವನು ಹೇಳಿದ.

ಅವನನ್ನು ಕೊನೆಯ ಸಲ ಕಂಡದ್ದು ಎರಡು ಸಾವಿರದ ಆಚೆಗೆ, ಕತ್ರಿಗುಪ್ಪೆಯ ಒಂದು ದರ್ಶಿನಿಯಲ್ಲಿ. ಬೆಳಗಿನ ರಶ್ಶು, ಆಫೀಸಿಗೆ ಹೋಗುವವರೆಲ್ಲ ಟೋಕನ್ನಿಗೆ ಮುಗಿಬಿದ್ದಿದ್ದರು. ಒಂದು ಇಡ್ಲಿ, ಒಂದು ಕಾಫಿ ಎಂದು ನೂರರ ನೋಟು ಚಾಚಿದರೆ, ಗಲ್ಲಾದ ಹಿಂದೆ ಅವನು. ಕೂದಲು ಉದುರಿತ್ತು, ದಪ್ಪ ಕನ್ನಡಕ ಬಂದಿತ್ತು. ಕೈಯಲ್ಲಿ ಒಂದೇ ಒಂದು ರಬ್ಬರ್ ಬ್ಯಾಂಡ್. ನನ್ನ ಕೂದಲೂ ಪೂರ್ತಿ ಬೆಳ್ಳಗಾಗಿತ್ತು, ಆದರೆ ಬೆನ್ನು ನೋಡಿಯೇ ಗುರುತು ಹಿಡಿದನೇನೋ. ನೋಟನ್ನು ಮೇಲೆತ್ತಿ ನನಗೆ ತೋರಿಸಿ, "ನೂರು ಮೇಡಂ" ಎಂದ. ಚಿಲ್ಲರೆಯನ್ನು ಒಂದೊಂದೇ ನೋಟಾಗಿ, ಜೋರಾಗಿ ಹೇಳುತ್ತಾ ನನ್ನ ಅಂಗೈಯ ಮೇಲಿಟ್ಟ.

"ಎಣಿಸ್ಕೊಳ್ಳಿ ಮೇಡಂ."

ಎಣಿಸಿದೆ. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಎಣಿಸಿದೆ. ಹಿಂದಿನಿಂದ ಯಾರೋ "ಆಂಟಿ, ಸ್ವಲ್ಪ ಬೇಗ, ಬಸ್ ಹೋಗುತ್ತೆ" ಎಂದರು. ಸರಿಯಾಗಿದೆ ಅಂತ ನಾನು ಹೇಳಲಿಲ್ಲ. ಅವನ ಎದುರಿಗೇ ಒಂದೊಂದು ನೋಟನ್ನೂ ಎತ್ತಿಕೊಂಡು, ಉಗುರಿನಿಂದ ಗೆರೆ ಒತ್ತಿ, ನಾಲ್ಕಾಗಿ ಮಡಚುತ್ತಾ ಹೋದೆ. ಅವನು ಅಷ್ಟನ್ನೂ ನೋಡುತ್ತಾ, ಮುಂದಿನವರ ದುಡ್ಡು ಮುಟ್ಟದೆ, ಕೊನೆಯ ನೋಟು ನನ್ನ ಪರ್ಸಿಗೆ ಹೋಗುವವರೆಗೂ ಕೈಕಟ್ಟಿ ನಿಂತಿದ್ದ.