ಮೆಟ್ಟಿಲ ಬುಡದ ಸೋಮಾರಿ

ಇಸ್ತ್ರಿ ಅಕ್ಕನಿಗೆ ನಿದ್ದೆ ಹುಟ್ಟಿನಿಂದಲೇ ಬಂದ ಆಸ್ತಿ. ನಿಂತಲ್ಲೇ ನಿದ್ದೆ ಹೊಡೆಯುತ್ತಾಳೆ ಎಂದು ಬೀದಿಯವರು ನಗುತ್ತಿದ್ದರು, ನಗಲಿ ಬಿಡಿ, ಅವರಿಗೇನು ಕೆಲಸ. ಹಳೆಯ ಕಟ್ಟಡವೊಂದರ ಮೆಟ್ಟಿಲ ಬುಡದಲ್ಲಿ ಅವಳ ಮೇಜು. ಮೇಜಿನ ಮೇಲೆ ಮಡಿಸಿ ಹಾಸಿದ ದಪ್ಪ ಕಂಬಳಿ, ಪಕ್ಕದಲ್ಲಿ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ. ಮಧ್ಯಾಹ್ನದ ಊಟವಾಯಿತೋ, ಅವಳ ಕಣ್ಣು ಅರ್ಧ ಮುಚ್ಚುತ್ತಿತ್ತು. ಕೈ ಮಾತ್ರ ತನ್ನಷ್ಟಕ್ಕೆ ತಾನು ಕಾಲರ್, ತೋಳು, ಬೆನ್ನು ಎಂದು ಓಡಾಡಿಕೊಂಡಿರುತ್ತಿತ್ತು. ಒದ್ದೆ ಬಟ್ಟೆಯಿಂದ ಆವಿ ಏಳುವುದು, ಆ ಆವಿಯಲ್ಲಿ ಎದುರಿನ ಗೋಡೆ, ಗೇಟು, ಬೀದಿ ಎಲ್ಲ ಮೆಲ್ಲಗೆ ಕರಗುವುದು. ಅಷ್ಟಾದರೂ ಒಬ್ಬರ ಅಂಗಿಯನ್ನೂ ಸುಟ್ಟವಳಲ್ಲ ಅವಳು.

ಅವಳಿಗೆ ತಕ್ಕ ಜೋಡಿ ಸೋಮಾರಿ. ಕಂದು ಬಣ್ಣದ ಬೀದಿನಾಯಿ. ಬೆಳಿಗ್ಗೆ ಬಂದು ಕೊನೆಯ ಮೆಟ್ಟಿಲಿಗೆ ಅಡ್ಡಡ್ಡ ಬಿದ್ದುಕೊಂಡರೆ ಆಕಾಶವೇ ಕಳಚಿ ಬಿದ್ದರೂ ಏಳುವ ಪೈಕಿಯಲ್ಲ. ಕಟ್ಟಡದವರೆಲ್ಲ ಅದನ್ನು ದಾಟಿಕೊಂಡೇ ಕೆಲಸಕ್ಕೆ ಹೋಗಬೇಕು. ಅಕ್ಕ ಬಟ್ಟೆಗೆ ನೀರು ಚಿಮುಕಿಸಿದಾಗ ಅರ್ಧ ನೀರು ಅದರ ಬೆನ್ನಿಗೇ ಬೀಳುತ್ತಿತ್ತು. ಕಣ್ಣು ಬಿಡದೆ ಬಾಲದ ತುದಿಯನ್ನು ಒಮ್ಮೆ ನೆಲಕ್ಕೆ ಬಡಿಯುತ್ತಿತ್ತು, ಅಷ್ಟೇ.

"ಇಬ್ರೂ ಸೇರಿ ನಿದ್ದೆ ಅಂಗಡಿ ಇಡಿ, ಚೆನ್ನಾಗಿ ನಡೆಯುತ್ತೆ," ಎನ್ನುತ್ತಿದ್ದ ಗಂಡ, ಸೈಕಲ್ಲಿಗೆ ಬಟ್ಟೆಗಂಟು ಕಟ್ಟುತ್ತ.

ಒಂದು ಮಧ್ಯಾಹ್ನ ಆವಿಯೊಳಗೆ ತೇಲುತ್ತಿದ್ದ ಅಕ್ಕನಿಗೆ ಗಾಡಿ ನಿಂತ ಸದ್ದು ಕೇಳಿಸಿತು, ನಾಯಿ ಕುಂಯ್‌ಗುಟ್ಟಿದ್ದೂ ಕೇಳಿಸಿತು. ಕನಸು ಎಂದುಕೊಂಡಳು. ಕಣ್ಣು ಬಿಟ್ಟರೆ ಮೆಟ್ಟಿಲು ಖಾಲಿ.

"ಪಾಲಿಕೆ ವ್ಯಾನು ಕಣೇ," ಎಂದ ಗಂಡ. "ಮರಿ ಆಗದ ಹಾಗೆ ಆಪರೇಷನ್ ಮಾಡೋಕೆ ಹಿಡ್ಕೊಂಡು ಹೋಗಿದ್ದಾರೆ. ಗಾಯ ಒಣಗಿದ ಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಕಾನೂನೇ ಹಾಗಿದೆ."

ಕಾನೂನು ಇತ್ತು, ಯಾರು ಇಲ್ಲ ಎಂದರು? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ಎಂದರೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಡಾಕ್ಟರು. ಪಾಲಿಕೆಯ ನಾಯಿ ಕೇಂದ್ರ ಅವರ ಕೈಕೆಳಗೇ ಇತ್ತು. ಅವರೂ ದಿನಾ ಸೋಮಾರಿಯನ್ನು ದಾಟಿಯೇ ಆಫೀಸಿಗೆ ಹೋಗುತ್ತಿದ್ದವರು. ಅಕ್ಕ ಕೇಳಿದಾಗಲೆಲ್ಲ, "ಬರುತ್ತೆ ಅಕ್ಕ, ಎಲ್ಲಿ ಹೋಗುತ್ತೆ," ಎನ್ನುತ್ತ ಇಳಿದು ಹೋಗುತ್ತಿದ್ದರು.

ಕೊನೆಗೆ ವ್ಯಾನು ಬಂತು. ಕಂದು ನಾಯಿಯೊಂದನ್ನು ಇಳಿಸಿ, "ತಗೊಳ್ಳಿ ಅಕ್ಕ, ನಿಮ್ಮ ಮಗರಾಯ," ಎಂದು ವ್ಯಾನಿನವರು ಹೊರಟುಹೋದರು. ಅಕ್ಕನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಆದರೆ ಈ ನಾಯಿ ಮಲಗಲೇ ಇಲ್ಲ. ಗೇಟಿನ ಬಳಿ ನಿಂತು ಬೀದಿಯ ತುದಿಯನ್ನೇ ನೋಡುತ್ತಿತ್ತು.

"ಆಪರೇಷನ್ ಜೊತೆ ನಿದ್ದೇನೂ ಕತ್ತರಿಸಿದ್ದಾರೆ ಅನ್ಸುತ್ತೆ," ಎಂದ ಗಂಡ.

ಅಕ್ಕನೂ ನಂಬಲು ನೋಡಿದಳು, ಪಾಪ. ಮಂಪರು ಕಣ್ಣಿಗೆ ಅದು ಸೋಮಾರಿಯೇ ಆಗುತ್ತಿತ್ತು. ಕಣ್ಣು ಪೂರ್ತಿ ತೆರೆದರೆ ಬೇರೆ ಯಾರದೋ ನಾಯಿ. ಹೀಗೆ ಕೆಲವು ದಿನ ನಿದ್ದೆಗೂ ಎಚ್ಚರಕ್ಕೂ ನಡುವೆ ಕಳೆದಳು. ಒಂದು ದಿನ ನೀರು ಚಿಮುಕಿಸಿದಾಗ ನಾಲ್ಕು ಹನಿ ತಾಗಿದ್ದೇ ತಡ, ಅದು ಎಗರಿ ಗೇಟಿನಾಚೆ ನಿಂತು ಗಡಗಡ ನಡುಗಿತು. ಅಕ್ಕನ ಕೈಯ ತಂಬಿಗೆ ಅಲ್ಲೇ ನಿಂತಿತು.

"ಡಾಕ್ಟ್ರೇ, ಇದು ಸೋಮಾರಿ ಅಲ್ಲ," ಎಂದಳು ಸಂಜೆ.

"ಅದೇ ಅಕ್ಕ. ಕಂದು ನಾಯಿ ಹೋಯ್ತು, ಕಂದು ನಾಯಿ ಬಂತು. ಕಡತದಲ್ಲೂ ಹಾಗೇ ಇದೆ."

"ನಮ್ಮ ಸೋಮಾರಿ ಎಲ್ಲಿ?"

ಡಾಕ್ಟರು ಕೈಗಡಿಯಾರ ನೋಡಿಕೊಂಡು ಮೇಲೆ ಹತ್ತಿಬಿಟ್ಟರು. ಗಂಡ ಅಂದೇ ಹೇಳಿದ, "ಸುಮ್ನಿರೇ. ದೊಡ್ಡವರ ಸಹವಾಸ ನಮಗ್ಯಾಕೆ?" ಅಕ್ಕ ಸುಮ್ಮನಿರಲಿಲ್ಲ. ಆಫೀಸಿಗೆ ಹೋದಳು, ಕೇಂದ್ರದ ಗೇಟಿಗೆ ಹೋದಳು. ಒಳಗೆ ಬಿಡಲಿಲ್ಲ. ಎಲ್ಲ ಕಡೆ ಒಂದೇ ಹಾಡು: ನಾಯಿ ವಾಪಸ್ಸಾಗಿದೆ, ದೂರು ಮುಗಿದಿದೆ. ಕಣ್ಣಿಗೆ ಮಣ್ಣೆರಚುವುದಕ್ಕೂ ಒಂದು ಮಿತಿ ಬೇಡವೇ!

ಹೀಗಿರುವಾಗ ಒಂದು ಬೆಳಿಗ್ಗೆ ಡಾಕ್ಟರು ಫೋನಿನಲ್ಲಿ ಮಾತಾಡುತ್ತ ಇಳಿದು ಬಂದರು. ಬದಲಿಗೆ ಬಂದ ನಾಯಿ ಗೇಟಿನ ಬಳಿ ನಿಂತಿತ್ತು. ಮೆಟ್ಟಿಲ ಮೇಲೆ ಬೆಳಗಿನ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಕೊನೆಯ ಮೆಟ್ಟಿಲಿಗೆ ಬಂದವರೇ ಡಾಕ್ಟರು ಕಾಲನ್ನು ಎತ್ತರಕ್ಕೆ ಎತ್ತಿ, ಇಲ್ಲದ ನಾಯಿಯನ್ನು ದಾಟಿ, ಹುಷಾರಾಗಿ ನೆಲಕ್ಕಿಟ್ಟರು.

"ಯಾರನ್ನ ದಾಟಿದ್ರಿ ಡಾಕ್ಟ್ರೇ?" ಎಂದಳು ಅಕ್ಕ.

ಡಾಕ್ಟರು ತಿರುಗಿ ಮೆಟ್ಟಿಲನ್ನು ನೋಡಿದರು. ಫೋನಿನಲ್ಲಿ ಯಾರೋ ಹಲೋ ಹಲೋ ಅನ್ನುತ್ತಲೇ ಇದ್ದರು.

"ನಿಮ್ಮ ಕಾಲಿಗೆ ಅವನ ನೆನಪಿದೆ. ಬಾಯಿಗೆ ಮಾತ್ರ ಇಲ್ವಾ?"

ಇಸ್ತ್ರಿ ಮಾಡಿದ ಪ್ಯಾಂಟು ಎಂಬುದನ್ನೂ ಮರೆತು ಅವರು ಅಲ್ಲೇ ಕುಳಿತರು. "ಸತ್ತುಹೋಯ್ತು ಅಕ್ಕ," ಎಂದರು. "ರಜೆ ಇತ್ತು. ನೀರು ಹಾಕೋನು ಬರಲಿಲ್ಲ, ನಾನೂ ಹೋಗಿ ನೋಡಲಿಲ್ಲ. ಬಿಸಿಲಿಗೆ ಗೂಡು ಕಾದಿತ್ತು. ಬಾಗಿಲು ತೆಗೆಯೋ ಹೊತ್ತಿಗೆ ಮೂರು ನಾಯಿ ಸತ್ತಿದ್ವು. ನಿಮಗೆ ಹೇಗೆ ಹೇಳೋದು ಅಂತ, ಅದೇ ಬಣ್ಣದ್ದನ್ನ ಕಳಿಸಿಬಿಡಿ ಅಂದೆ."

ನೀರಿಲ್ಲದೆ! ಅಕ್ಕ ತಂಬಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು. ಅಳು ಬರಲಿಲ್ಲ, ಸಿಟ್ಟು ಬಂತು. "ನನಗೊಬ್ಬಳಿಗೆ ಹೇಳಿದ್ರೆ ಸಾಲದು. ನಿಮ್ಮ ಸಾಹೇಬ್ರ ಮುಂದೆ, ಜನರ ಮುಂದೆ ಹೇಳಬೇಕು," ಎಂದಳು.

ಪಾಲಿಕೆಯ ಅಹವಾಲು ಸಭೆಗೆ ಅಕ್ಕ ಆ ಬದಲಿ ನಾಯಿಯನ್ನು ಹಗ್ಗ ಕಟ್ಟಿ ಕರೆದುಕೊಂಡೇ ಹೋದಳು. ಹಿಂದೆ ಗಂಡ ಸೈಕಲ್ ತಳ್ಳಿಕೊಂಡು ಗೊಣಗುತ್ತ ಬಂದ, ಆದರೆ ಬಂದ. ಡಾಕ್ಟರು ಎದ್ದು ನಿಂತು ನಡೆದದ್ದನ್ನು ಹೇಳಿದರು. ಸಾಹೇಬರು ಗಂಟಲು ಸರಿಮಾಡಿಕೊಂಡು, "ಕೆಲವು ಪ್ರಾಣಿಗಳ ನಷ್ಟ ಸಂಭವಿಸಿರುತ್ತದೆ," ಎಂದರು.

"ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗಾಯ್ತು," ಎಂದಳು ಅಕ್ಕ. "ನಾವು ನೀರು ಕೊಡಲಿಲ್ಲ, ಅವು ಸತ್ತವು ಅನ್ನಿ."

ಸಾಹೇಬರು ಅದನ್ನೇ ಹೇಳಬೇಕಾಯಿತು. ಇನ್ನು ಮೇಲೆ ರಜೆಯ ದಿನವೂ ಒಬ್ಬ ಅಧಿಕಾರಿ ಕೇಂದ್ರದಲ್ಲಿರಬೇಕು, ಗೇಟು ಜನರಿಗೆ ತೆರೆದಿರಬೇಕು ಎಂದು ಅಲ್ಲೇ ಆದೇಶವಾಯಿತು.

"ಇನ್ನೇನು ಬೇಕಮ್ಮ?" ಎಂದರು ಸಾಹೇಬರು.

"ಈ ನಾಯಿ ಇದೆಯಲ್ಲ, ಇವನ ಬೀದಿ ಯಾವುದು? ಅಲ್ಲೂ ಯಾರೋ ಕಾಯ್ತಿರ್ತಾರೆ."

ಮರುದಿನ ಡಾಕ್ಟರೂ ಅಕ್ಕನೂ ವ್ಯಾನಿನಲ್ಲಿ ಕೂತು ಬೀದಿ ಬೀದಿ ಸುತ್ತಿದರು. ಕಡತದಲ್ಲಿ ಈ ನಾಯಿಯನ್ನೇ ಸೋಮಾರಿ ಎಂದು ಬರೆದುಬಿಟ್ಟಿದ್ದರಿಂದ ಅದರ ನಿಜವಾದ ಬೀದಿ ಡಾಕ್ಟರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ತಿರುವುಗಳು, ಒಣಹಾಕಿದ ಬಟ್ಟೆಗಳು, ಅರ್ಧ ತೆರೆದ ಕಿಟಕಿಗಳು ಬಿಸಿಲಿನಲ್ಲಿ ನಿಧಾನವಾಗಿ ಹಿಂದೆ ಸರಿಯುತ್ತಿದ್ದವು. ಇದೂ ಮಧ್ಯಾಹ್ನದ ಮಂಪರೇ ಇರಬಹುದು, ಎಚ್ಚರವಾದರೆ ಸೋಮಾರಿ ಇರುತ್ತಾನೆ ಎಂದು ಅಕ್ಕನಿಗೆ ಅನಿಸುತ್ತಿತ್ತು. ಒಂದು ಟೈರ್ ಅಂಗಡಿ ಕಂಡದ್ದೇ ನಾಯಿ ಕಿರುಚಿ ಬಾಗಿಲು ಕೆರೆಯಿತು. ಬಾಗಿಲು ತೆಗೆದರೆ ಹಿಂದೆ ತಿರುಗಿ ನೋಡದೆ ಓಡಿತು. ಅಂಗಡಿಯ ಮುದುಕ ಗ್ರೀಸ್ ಕೈಯಲ್ಲೇ ಅದನ್ನು ತಬ್ಬಿಕೊಂಡು, "ಎಲ್ಲಿ ಹಾಳಾಗಿ ಹೋಗಿದ್ಯೋ, ನಿನ್ನ ಮನೆ ಕಾಯ!" ಎಂದು ಬೈಯುತ್ತ ಬೈಯುತ್ತ ಅತ್ತುಬಿಟ್ಟ.

ಆಗ ಅಕ್ಕನಿಗೂ ಅಳು ಬಂತು. ವ್ಯಾನಿನಲ್ಲಿ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ತಬ್ಬಿಕೊಳ್ಳಲು ಅವಳಿಗೆ ಯಾರೂ ಉಳಿದಿರಲಿಲ್ಲ.

ಡಾಕ್ಟರು ಕೇಳಿದರು, "ಮನೆ ಹತ್ರ ಬಿಡಿಸಲಾ ಅಕ್ಕ?"

"ಮೂರು ಸತ್ತವು ಅಂದ್ರಲ್ಲ. ಉಳಿದೆರಡು ಯಾವ ಬೀದಿಯವು?"

"ಗೊತ್ತಿದೆ."

"ಹಾಗಾದ್ರೆ ನಡೀರಿ. ಅಲ್ಲೂ ನೀವೇ ಇಳಿದು ಹೇಳಬೇಕು."

ಡಾಕ್ಟರು ಡ್ರೈವರಿಗೆ ದಾರಿ ಹೇಳಿದರು. ವ್ಯಾನು ಆ ಬೀದಿಗೆ ತಿರುಗಿದ್ದೇ ಪುಟ್ಟ ಹುಡುಗಿಯೊಬ್ಬಳು ಮನೆಯಿಂದ ಓಡಿಬಂದು, ಹಿಂದಿನ ಜಾಲರಿಗೆ ಮೂಗು ಒತ್ತಿ ಒಳಗೆಲ್ಲ ಹುಡುಕಿದಳು.

"ನಮ್ಮ ನಾಯಿ ತಂದ್ರಾ ಅಂಕಲ್?"

ಡಾಕ್ಟರು ಬಾಗಿಲು ತೆಗೆದು ಕೆಳಗಿಳಿದರು.